ಚಟ್ಟೂಗಾ ನದಿಯ ಎರಡು ಕಥೆಗಳು

1972ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಈಶಾನ್ಯ ಮೂಲೆಯ ಒಂದು ಗುಡ್ಡಗಾಡು ಸೀಮೆ ಎರಡು ಸಲ ದೇಶದ ಕಣ್ಣಿಗೆ ಬಿತ್ತು. ಸೀಮೆಯ ಹೆಸರು ರೇಬನ್ ಕೌಂಟಿ. ಅದರ ಪೂರ್ವದ ಅಂಚಿನಲ್ಲಿ, ಜಾರ್ಜಿಯಾಕ್ಕೂ ಸೌತ್ ಕ್ಯಾರೊಲಿನಾಕ್ಕೂ ಗಡಿಯಾಗಿ, ಚಟ್ಟೂಗಾ ನದಿ ಬಂಡೆಗಳ ನಡುವೆ ಧುಮುಕುತ್ತ ಹರಿಯುತ್ತದೆ. ಆ ವರ್ಷ ‘ಡೆಲಿವರೆನ್ಸ್’ ಎಂಬ ಸಿನಿಮಾ ತೆರೆಗೆ ಬಂತು. ಅದೇ ವರ್ಷ ‘ದಿ ಫಾಕ್ಸ್‌ಫೈರ್ ಬುಕ್’ ಎಂಬ ಪುಸ್ತಕವೂ ಬಂತು. ಸಿನಿಮಾ ಮಾಡಿದವರು ಹೊರಗಿನವರು. ಪುಸ್ತಕಕ್ಕೆ ಸಾಮಗ್ರಿ ಕಲೆಹಾಕಿದವರು ಅಲ್ಲಿನ ಹೈಸ್ಕೂಲು ಮಕ್ಕಳು.

ಜೇಮ್ಸ್ ಡಿಕಿಯ 1970ರ ಕಾದಂಬರಿಯನ್ನು ಆಧರಿಸಿ ಜಾನ್ ಬೂರ್ಮನ್ ನಿರ್ದೇಶಿಸಿದ ಚಿತ್ರ ಅದು. ಅಟ್ಲಾಂಟಾದ ನಾಲ್ವರು ಗಂಡಸರು, ಅಣೆಕಟ್ಟಿನಿಂದ ಇನ್ನೇನು ಮುಳುಗಲಿರುವ ನದಿಯೊಂದರಲ್ಲಿ ದೋಣಿ ಬಿಡಲು ಬರುತ್ತಾರೆ. ಕಥೆಯಲ್ಲಿ ನದಿಗೆ ಬೇರೆ ಹೆಸರು. ಚಿತ್ರೀಕರಣ ನಡೆದದ್ದು ಮುಖ್ಯವಾಗಿ ಚಟ್ಟೂಗಾದಲ್ಲಿ. ಗುಡ್ಡದ ಜನ ಅಲ್ಲಿ ಒರಟರು, ರೋಗಿಷ್ಠರು, ಕೊನೆಗೆ ಕ್ರೂರಿಗಳು. ಚಿತ್ರ ನೋಡಿದವರಿಗೆಲ್ಲ ನೆನಪಿರುವುದು ಬ್ಯಾಂಜೊ ಹಿಡಿದ ಹುಡುಗ. ಆ ಪಾತ್ರಕ್ಕೆ ಆರಿಸಿದ್ದು ಊರಿನ ಹುಡುಗನನ್ನೇ. ಆದರೆ ಅವನಿಗೆ ಒಂದೂ ಮಾತಿಲ್ಲ, ಕೇಳಿಸುವ ವಾದನವೂ ಅವನದಲ್ಲ.

ಮುಳುಗುವ ಊರು ರೇಬನ್ ಜನಕ್ಕೆ ಕಟ್ಟುಕಥೆಯಾಗಿರಲಿಲ್ಲ. ಚಟ್ಟೂಗಾ ಹೋಗಿ ಸೇರುವ ಪಕ್ಕದ ಟಲೂಲಾ ನದಿಯಲ್ಲಿ ಸುಮಾರು ಸಾವಿರ ಅಡಿ ಆಳದ ಕಮರಿಯಿದೆ, ಜಲಪಾತಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ರೈಲು ಬಂದ ಮೇಲೆ ಅದು ಹೆಸರಾಂತ ಪ್ರವಾಸಿ ತಾಣವಾಗಿತ್ತು. 1910ರ ದಶಕದಿಂದ 1927ರವರೆಗೆ ವಿದ್ಯುತ್ ಕಂಪನಿಯೊಂದು ಟಲೂಲಾ ಮತ್ತು ಅದರ ಕೆಳಗಿನ ಟುಗಲೂ ನದಿಗಳಿಗೆ ಆರು ಅಣೆಕಟ್ಟುಗಳ ಸರಪಳಿ ಹಾಕಿತು. ಹೆಲೆನ್ ಲಾಂಗ್‌ಸ್ಟ್ರೀಟ್ ಎಂಬ ಮಹಿಳೆ ಜಲಪಾತ ಉಳಿಸಲು ಹೋರಾಡಿ ಸೋತರು. ನೀರು ಸುರಂಗದೊಳಗೆ ತಿರುಗಿತು, ಜಲಪಾತದ ಸದ್ದು ಅಡಗಿತು. 1919ರ ಕೊನೆಯಲ್ಲಿ ತುಂಬತೊಡಗಿದ ಜಲಾಶಯ ಬರ್ಟನ್ ಎಂಬ ಊರನ್ನು ನುಂಗಿತು. ಜಲಾಶಯಕ್ಕೂ ಅದೇ ಹೆಸರು ಉಳಿಯಿತು. ಸಿನಿಮಾದವರು ಬಂದಾಗ ಇದನ್ನೆಲ್ಲ ಕಂಡ ಮುದುಕರು ಇನ್ನೂ ಬದುಕಿದ್ದರು.

ಅವರನ್ನು ಕೇಳುವ ಕೆಲಸ ಶುರುವಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. 1966ರಲ್ಲಿ ಎಲಿಯಟ್ ವಿಗಿಂಟನ್ ಎಂಬ ಯುವಕ ರೇಬನ್ ಗ್ಯಾಪ್‌ನ ಶಾಲೆಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದ. ಒಂಬತ್ತು–ಹತ್ತನೆಯ ತರಗತಿಯ ಮಕ್ಕಳಿಗೆ ಪಾಠ ಬೇಕಿರಲಿಲ್ಲ. ಒಬ್ಬನಂತೂ ಮೇಷ್ಟ್ರ ಮುಂದಿನ ಪೀಠಕ್ಕೆ ಬೆಂಕಿ ಹಚ್ಚಲು ನೋಡಿದ. ಪುಸ್ತಕ ಬದಿಗಿಟ್ಟು, ಒಂದು ಪತ್ರಿಕೆ ಮಾಡೋಣವೇ ಎಂದು ಮೇಷ್ಟ್ರು ಕೇಳಿದ. ಕಾಡಿನ ಕೊಳೆತ ಮರದಲ್ಲಿ ಕತ್ತಲಿಗೆ ಮಿನುಗುವ ಅಣಬೆಯ ಹೆಸರನ್ನು ಅದಕ್ಕಿಟ್ಟರು: ಫಾಕ್ಸ್‌ಫೈರ್. ಮಕ್ಕಳು ಊರಲ್ಲಿ ಚಂದಾ ಎತ್ತಿ 440 ಡಾಲರ್ ಕೂಡಿಸಿದರು. 1967ರಲ್ಲಿ ಮೊದಲ ಸಂಚಿಕೆಯ 600 ಪ್ರತಿ ಅಚ್ಚಾದವು. ಕವಿತೆಗಳ ಜೊತೆ ಅದರಲ್ಲಿ ನಿವೃತ್ತ ಶೆರಿಫ್ ಹೇಳಿದ ಬ್ಯಾಂಕ್ ದರೋಡೆಯ ಕಥೆಯೂ ಇತ್ತು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದನ್ನು ಈ ಮಕ್ಕಳು ತಲೆಕೆಳಗು ಮಾಡಿದರು. ಟೇಪ್ ರೆಕಾರ್ಡರ್ ಹೊತ್ತು ಅಜ್ಜ ಅಜ್ಜಿಯರ ಬಳಿ ಹೋದರು. ಮರದ ದಿಮ್ಮಿಯಿಂದ ಮನೆ ಕಟ್ಟುವುದು, ಹಂದಿ ಹಸನು ಮಾಡುವುದು, ಚಂದ್ರನ ಚಲನೆ ನೋಡಿ ಬಿತ್ತುವುದು, ಕಳ್ಳಭಟ್ಟಿ ಇಳಿಸುವುದು, ಹಾವಿನ ಕಥೆ, ಬೇಟೆಯ ಕಥೆ, ಎಲ್ಲವನ್ನೂ ಕೇಳಿದರು. ರಾಜ್ಯದ ಗಡಿಯಾಚೆ ಒಂಟಿಯಾಗಿದ್ದ ಆರಿ ಕಾರ್ಪೆಂಟರ್ ಎಂಬ ಮುದುಕಿಯ ಮನೆಗೆ ಹೋದಾಗ ಆಕೆ ಹಂದಿಯ ತಲೆಯಿಂದ ಕಣ್ಣು ಕೀಳಲು ಹೆಣಗುತ್ತಿದ್ದಳು. ಮಕ್ಕಳು ಪ್ರಶ್ನೆಪಟ್ಟಿ ತೆಗೆಯುವ ಮೊದಲು ಆ ಕೆಲಸಕ್ಕೆ ಕೈಹಾಕಬೇಕಾಯಿತು. ಆಕೆಯ ಮಾತನ್ನು ಅವರು ಶಾಲೆಯ ಇಂಗ್ಲಿಷಿಗೆ ತಿದ್ದಲಿಲ್ಲ. ಆಡುನುಡಿಯ ಧಾಟಿ ಹಾಗೇ ಅಚ್ಚಿಗೆ ಹೋಯಿತು.

ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ, ಒಂದು ದೊಡ್ಡ ಮಾಲೆಯೇ ಬೆಳೆಯಿತು. ಬಂದ ಗೌರವಧನದಲ್ಲಿ ಗುಡ್ಡದ ಮೇಲೆ ಜಾಗ ಕೊಂಡು, ಹಳೆಯ ದಿಮ್ಮಿ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ನಿಲ್ಲಿಸಿದರು. 1961ರಲ್ಲಿ ನಿಂತುಹೋದ ಟಲೂಲಾ ಫಾಲ್ಸ್ ರೈಲಿನ ನೆನಪುಗಳೂ 1976ರಲ್ಲಿ ಪುಸ್ತಕವಾದವು.

ಈ ಕಥೆಯಲ್ಲಿ ಕಪ್ಪು ಪುಟವೂ ಇದೆ. 1992ರಲ್ಲಿ ವಿಗಿಂಟನ್ ಬಾಲಕನೊಬ್ಬನ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು ಜೈಲಿಗೆ ಹೋದ. ಮಕ್ಕಳಿಗೆ ದನಿ ಕೊಟ್ಟವನೆಂದು ನಾಡು ಹೊಗಳಿದವನ ಬಗ್ಗೆ ಹೊರಬಿದ್ದ ಸತ್ಯ ಅದು. ಅದನ್ನು ಬಿಟ್ಟು ಫಾಕ್ಸ್‌ಫೈರ್ ಚರಿತ್ರೆ ಬರೆಯಲಾಗದು. ಅವನಿಲ್ಲದೆಯೂ ಪತ್ರಿಕೆ ನಿಲ್ಲಲಿಲ್ಲ. ಇನ್ನೊಂದು ಮಿತಿ ನೆಲದ್ದೇ. 1819ರಲ್ಲಿ ಚೆರೋಕಿ ಜನ ಬಿಟ್ಟುಕೊಡಬೇಕಾಗಿ ಬಂದ ಭೂಮಿಯಲ್ಲಿ ರೇಬನ್ ಕೌಂಟಿ ರಚನೆಯಾಯಿತು. ಚಟ್ಟೂಗಾ ದಂಡೆಯಲ್ಲಿ ಅದೇ ಹೆಸರಿನ ಚೆರೋಕಿ ಊರೊಂದಿತ್ತು. ಮಕ್ಕಳು ಮಾತಾಡಿಸಿದ ಹಿರಿಯರು ಬಹುಪಾಲು ಆಮೇಲೆ ಬಂದು ನೆಲೆಸಿದವರ ವಂಶಸ್ಥರು. ಟೇಪಿಗೆ ಸಿಗುವುದು ಉಳಿದುಕೊಂಡವರ ದನಿ, ಹೊರದೂಡಲ್ಪಟ್ಟವರದಲ್ಲ.

ಚಟ್ಟೂಗಾಕ್ಕೆ ಅಣೆಕಟ್ಟು ಬರಲಿಲ್ಲ. 1974ರಲ್ಲಿ ಒಕ್ಕೂಟ ಸರ್ಕಾರ ಅದನ್ನು ಸಂರಕ್ಷಿತ ನದಿಗಳ ಪಟ್ಟಿಗೆ ಸೇರಿಸಿತು. ಚಿತ್ರ ನೋಡಿ ದೋಣಿ ಹಿಡಿದು ಬಂದವರಿಂದ ಊರಿಗೆ ದುಡಿಮೆಯಾಯಿತು. ನದಿಯ ಸೆಳೆತ ಅರಿಯದೆ ಇಳಿದವರಲ್ಲಿ ಕೆಲವರು ಹೆಣವಾದರು. 2012ರಲ್ಲಿ ಚಿತ್ರದ ನಲವತ್ತನೇ ವರ್ಷದ ನೆಪದಲ್ಲಿ ಅಲ್ಲೊಂದು ನದಿ ಉತ್ಸವ ನಡೆದಾಗ ಊರೇ ಎರಡಾಗಿ ಜಗಳವಾಡಿತು. ಅಷ್ಟು ವರ್ಷ ಕಳೆದರೂ ಗಾಯ ಮಾಯ್ದಿರಲಿಲ್ಲ.

ಗೆದ್ದದ್ದು ಯಾವ ಕಥೆ ಎಂದರೆ, ಸಿನಿಮಾದ್ದೇ. ಬ್ಯಾಂಜೊದ ಮೂಕ ಹುಡುಗನನ್ನು ಬಲ್ಲವರಷ್ಟು ಜನ ಆರಿ ಅಜ್ಜಿಯನ್ನು ಬಲ್ಲವರಿಲ್ಲ. ಆದರೆ ಆ ಕಣಿವೆಯವರು ತಮ್ಮ ಬಗ್ಗೆ ತಾವೇ ಏನು ಹೇಳಿದರು ಎಂದು ಯಾರಾದರೂ ಕೇಳಿದರೆ, ಹದಿನಾಲ್ಕು ಹದಿನೈದರ ಮಕ್ಕಳು ಹಿಡಿದಿಟ್ಟ ಸಾವಿರಾರು ಗಂಟೆಗಳ ಮಾತು ಅಲ್ಲಿದೆ. ಇವತ್ತಿಗೂ ಅಲ್ಲಿನ ಹೈಸ್ಕೂಲು ಮಕ್ಕಳು ಹಿರಿಯರನ್ನು ಹುಡುಕಿಕೊಂಡು ಹೋಗಿ ಕೇಳುತ್ತಲೇ ಇದ್ದಾರೆ.