ಹವಾಮಾನ ಬದಲಾವಣೆ ಮತ್ತು ಕನ್ನಡ ಚಲನಚಿತ್ರ

ಹವಾಮಾನ ಬದಲಾವಣೆ ನಿಧಾನವಾಗಿ ನಡೆಯುವಂಥದ್ದು. ದಶಕಗಳ ಉಷ್ಣಾಂಶದ ಸರಾಸರಿ ವಿಜ್ಞಾನಿಯ ಕೋಷ್ಟಕದಲ್ಲಿ ಸ್ಪಷ್ಟವಾಗಿ ಕಂಡರೂ ಅಂಗಳದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಚಲನಚಿತ್ರ ಅದನ್ನು ಒಂದು ಊರಿನ ಮಳೆಯಾಗಿ, ಒಂದು ಮನೆಯ ಸಂಕಟವಾಗಿ ತೋರಿಸಬಲ್ಲದು. 2004ರ ಹಾಲಿವುಡ್ ಚಿತ್ರ ‘ದ ಡೇ ಆಫ್ಟರ್ ಟುಮಾರೋ’ದ ವಿಜ್ಞಾನ ಉತ್ಪ್ರೇಕ್ಷೆಯದು, ಆದರೂ ಅದನ್ನು ನೋಡಿದ ಅಮೆರಿಕನ್ನರಲ್ಲಿ ಹವಾಮಾನದ ಆತಂಕ ಹೆಚ್ಚಿದ್ದುದು ಸಮೀಕ್ಷೆಯಲ್ಲಿ ಕಂಡುಬಂತು.

ಹವಾಮಾನವನ್ನೇ ವಸ್ತುವಾಗಿಸಿಕೊಂಡ ಕನ್ನಡ ಕಥಾಚಿತ್ರಗಳು ವಿರಳ. ಕನ್ನಡ ಸಿನಿಮಾ ಈ ವಿಷಯದ ಹತ್ತಿರ ಬಂದದ್ದು ಕಾಡು ಮತ್ತು ಮುಳುಗಡೆಯ ದಾರಿಯಿಂದ. ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ ‘ಗಂಧದ ಗುಡಿ’ (1973) ಕಾಡಿನ ರಕ್ಷಣೆಯನ್ನು ಜನಪ್ರಿಯ ಕಥೆಯಾಗಿಸಿತು. ಇನ್ನೂ ಆಳಕ್ಕಿಳಿದದ್ದು ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002). ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ಗುಡ್ಡ ಬಿಟ್ಟು ಹೋಗದ ನಾಗಿ ಮತ್ತು ಗಣಪರ ಕಥೆ ಅದು. ಇಲ್ಲಿ ಮಳೆ ಹಿನ್ನೆಲೆಯಲ್ಲ, ಪಾತ್ರವೇ. ನೀರು ಮೆಟ್ಟಿಲು ಮೆಟ್ಟಿಲಾಗಿ ಮನೆಯ ಹತ್ತಿರ ಬರುವುದನ್ನು ನೋಡುಗರು ಆ ಸಂಸಾರದ ಜೊತೆಯೇ ಕಾಯುತ್ತಾರೆ. ಪ್ರವಾಹದ ಯಾವ ಅಂಕಿ ಅಂಶವೂ ಈ ಕಾಯುವಿಕೆಯನ್ನು ಕೊಡಲಾರದು.

‘ದ್ವೀಪ’ದ ಕಥೆ ಶರಾವತಿಯದಾದರೂ ಉತ್ತರ ಕನ್ನಡದ ಕಾಳಿ ನದಿ ಕಣಿವೆಗೆ ಅದು ಸ್ವಂತ ಅನುಭವ. ಸೂಪಾ ಅಣೆಕಟ್ಟಿನಿಂದ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು; ಕೇಂದ್ರ ಜೋಯಿಡಾಕ್ಕೆ ಬಂತು, ಸಂತ್ರಸ್ತರಲ್ಲಿ ಹಲವರು ತಾಲ್ಲೂಕಿನದೇ ರಾಮನಗರದಲ್ಲಿ ನೆಲೆಸಿದರು. ಇದೇ ತಾಲ್ಲೂಕಿನ ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡು 2015ರಿಂದ ಕಾಳಿಯ ಹೆಸರಿನಲ್ಲಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಅಣಶಿ ಘಾಟಿಯ ರಸ್ತೆ ಮುಚ್ಚುವುದುಂಟು. 2019ರ ಆಗಸ್ಟ್‌ನಲ್ಲಿ ಕಾಳಿಯದೇ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗಿನ ಹಳ್ಳಿಗಳಿಗೆ ನುಗ್ಗಿತು. ಅತಿವೃಷ್ಟಿ, ಕಡಿದ ಗುಡ್ಡ, ಕಟ್ಟಿದ ನದಿ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಲು ಇಂಥ ಕಣಿವೆಗಿಂತ ತಕ್ಕ ನೆಲ ಸಿಗುವುದು ಕಷ್ಟ.

ಸಾಕ್ಷ್ಯಚಿತ್ರದ ಬಲ ಬೇರೆ ಬಗೆಯದು. ಕುದುರೆಮುಖದ ಗಣಿಗಾರಿಕೆ ಕುರಿತು ಶೇಖರ್ ದತ್ತಾತ್ರಿ 2001ರಲ್ಲಿ ಮಾಡಿದ ‘ಮೈಂಡ್‌ಲೆಸ್ ಮೈನಿಂಗ್’ ಕಿರುಚಿತ್ರ ಗಣಿವಿರೋಧಿ ಹೋರಾಟದ ಸಾಧನವಾಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ನಿರ್ದೇಶನದ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಚಿತ್ರಮಂದಿರಗಳಿಗೆ ಬಂತು. ಪುನೀತ್ ರಾಜ್‌ಕುಮಾರ್ ನಿಧನದ ಮರುವರ್ಷ, 2022ರಲ್ಲಿ, ತೆರೆಕಂಡ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರ ನಾಡಿನ ಕಾಡು, ಕಡಲುಗಳನ್ನು ಅಪಾರ ಜನರ ಮುಂದಿಟ್ಟಿತು. ಇಂಥ ಚಿತ್ರಗಳು ಪ್ರೀತಿ ಹುಟ್ಟಿಸುತ್ತವೆ; ಆದರೆ ಕಾಡಿನ ಚೆಲುವಷ್ಟೇ ತೆರೆಯ ಮೇಲಿದ್ದರೆ ಅದು ಯಾವ ಕಾರಣದಿಂದ ಬದಲಾಗುತ್ತಿದೆ ಎಂಬುದು ನೋಡುಗರಿಗೆ ತಲುಪುವುದಿಲ್ಲ.

ಭಾಷೆಯೂ ಮುಖ್ಯ. ‘ವೈಲ್ಡ್ ಕರ್ನಾಟಕ’ದ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡದ್ದು ರಿಷಬ್ ಶೆಟ್ಟಿಯವರದು. ಆದರೆ ಕಾಳಿ ಕಣಿವೆಯ ಜೋಯಿಡಾದಲ್ಲಿ ಅನೇಕ ಮನೆಗಳ ಮಾತು ಕೊಂಕಣಿ ಅಥವಾ ಮರಾಠಿ. ಅಲ್ಲಿಯ ಕುಣಬಿ, ಗೌಳಿ, ಸಿದ್ದಿ ಸಮುದಾಯಗಳಿಗೆ ಮಾತಿಗಿಂತ ಮೊದಲು ದೃಶ್ಯವೇ ಮುಟ್ಟುತ್ತದೆ.