ಪಾಚಿಗಟ್ಟಿದ ಕೃಷಿ ಹೊಂಡಗಳಿಗೆ ಹೊಸ ಮೀನುಮರಿ ಬಿತ್ತನೆ: ಅರ್ಜಿದಾರರಿಗೆ ಮಾಹಿತಿ

ಬೀದರ್ ಜಿಲ್ಲೆ ಹುಮನಾಬಾದ ತಾಲ್ಲೂಕಿನ ದುಬಲಗುಂಡಿ ಭಾಗದಲ್ಲಿ ಬೇಸಾಯವು ಬಹುತೇಕ ಮಳೆಯಾಶ್ರಿತವಾಗಿದೆ. ಇಂತಹ ಪ್ರದೇಶಗಳಿಗಾಗಿ ರಾಜ್ಯದಲ್ಲಿ 2014-15ನೇ ಸಾಲಿನಲ್ಲಿ ಕೃಷಿ ಭಾಗ್ಯ ಯೋಜನೆಯನ್ನು ಆರಂಭಿಸಿ ಕೃಷಿ ಹೊಂಡಗಳ ನಿರ್ಮಾಣಕ್ಕೆ ಒತ್ತು ನೀಡಲಾಯಿತು. ಬೆಳೆಗೆ ನೀರುಣಿಸುವುದರೊಂದಿಗೆ ಸದರಿ ಹೊಂಡಗಳಲ್ಲಿ ಮೀನು ಸಾಕಣೆಯನ್ನೂ ಕೈಗೊಳ್ಳಬಹುದಾಗಿದೆ. ಆದರೆ ಪಾಚಿಯಿಂದ ಮೀನು ಸತ್ತ ಹೊಂಡಕ್ಕೆ, ಮೂಲ ಕಾರಣವನ್ನು ಸರಿಪಡಿಸದೆ ಹೊಸ ಮರಿ ಬಿಟ್ಟಲ್ಲಿ ಅವೂ ಸಾಯುವ ಸಂಭವವಿರುತ್ತದೆ. ಆದುದರಿಂದ ಮೀನುಮರಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

ಮೀನು ಸಾಯಲು ಕಾರಣ

ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಉತ್ಪಾದಿಸಿದರೂ ರಾತ್ರಿಯಲ್ಲಿ ಅದನ್ನೇ ಬಳಸಿಕೊಳ್ಳುತ್ತದೆ. ಬೆಳಗಿನ ಜಾವದಲ್ಲಿ ನೀರಿನ ಆಮ್ಲಜನಕ ಅತ್ಯಂತ ಕಡಿಮೆಯಾಗಿ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಹೆಚ್ಚುವರಿ ಸಗಣಿ, ರಸಗೊಬ್ಬರ ಹಾಗೂ ಉಳಿದ ಆಹಾರವು ಪಾಚಿಯ ಬೆಳವಣಿಗೆಗೆ ಮುಖ್ಯ ಕಾರಣಗಳು.

ಕೈಗೊಳ್ಳಬೇಕಾದ ಕ್ರಮಗಳು

1. ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸತಕ್ಕದ್ದು.
2. ನೂಲಿನಂತಹ ಪಾಚಿಯನ್ನು ಬಲೆಯಿಂದ ತೆಗೆದು ಹೊಂಡದಿಂದ ದೂರ ಹಾಕತಕ್ಕದ್ದು.
3. ನೀರಿನ ಲಭ್ಯತೆಯಿದ್ದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬದಲಾಯಿಸುವುದು. ಹೊರತೆಗೆದ ಹಸಿರು ನೀರನ್ನು ತೊಗರಿ ಮುಂತಾದ ಬೆಳೆಗಳಿಗೆ ಹಾಯಿಸಬಹುದು.
4. ಮೈಲುತುತ್ತವನ್ನು ಸ್ವಂತ ಅಂದಾಜಿನಲ್ಲಿ ಬಳಸಬಾರದು. ಪಾಚಿ ಒಮ್ಮೆಲೇ ಸತ್ತು ಕೊಳೆತಲ್ಲಿ ಆಮ್ಲಜನಕ ಮತ್ತಷ್ಟು ಕುಸಿಯುತ್ತದೆ.
5. ಹುಲ್ಲುಗೆಂಡೆ ಮೀನು ಜಲಸಸ್ಯಗಳನ್ನು ತಿನ್ನುತ್ತದೆ. ಅದನ್ನು ಬಿಟ್ಟ ಮಾತ್ರಕ್ಕೆ ಹಸಿರು ನೀರು ತಿಳಿಯಾಗುವುದಿಲ್ಲ.

ನೀರಿನ ಪರೀಕ್ಷೆ

ಬಿಳಿ ತಟ್ಟೆಯೊಂದಕ್ಕೆ ದಾರ ಕಟ್ಟಿ ಬಿಸಿಲಿರುವಾಗ ನೀರಿನಲ್ಲಿ ಇಳಿಬಿಡುವುದು. 20 ಸೆಂ.ಮೀ. ಆಳದೊಳಗೆ ತಟ್ಟೆ ಮರೆಯಾದಲ್ಲಿ ಮರಿ ಬಿಡಬಾರದು. 30 ರಿಂದ 40 ಸೆಂ.ಮೀ.ವರೆಗೆ ಕಂಡಲ್ಲಿ ನೀರು ಸೂಕ್ತವಾಗಿರುತ್ತದೆ. ತಿಳಿ ಹಸಿರು ಬಣ್ಣ ಮೀನಿನ ಆಹಾರದ ಲಕ್ಷಣವಾಗಿದ್ದು, ನೀರು ಸಂಪೂರ್ಣ ತಿಳಿಯಾಗಬೇಕಾಗಿಲ್ಲ. ಅನಂತರ ಹತ್ತಾರು ಮರಿಗಳನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟಿ ಹೊಂಡದಲ್ಲಿ ಒಂದು ಹಗಲು, ಒಂದು ರಾತ್ರಿ ಇಡುವುದು. ಬೆಳಗಿನ ಜಾವ ಅವು ಚುರುಕಾಗಿದ್ದಲ್ಲಿ ಮಾತ್ರ ಉಳಿದ ಮರಿಗಳನ್ನು ಬಿಡತಕ್ಕದ್ದು.

ಮರಿ ಬಿಡುವ ವಿಧಾನ

ಕಾಟ್ಲಾ, ರೋಹು ಹಾಗೂ ಸಾಮಾನ್ಯ ಗೆಂಡೆ ತಳಿಗಳ ಬಲಿತ ಮರಿಗಳು ಸೂಕ್ತ. ಚದರ ಮೀಟರ್‌ಗೆ ಒಂದು ಮರಿಯನ್ನು ಮೀರಬಾರದು. ಅಂದರೆ 12 ಮೀ. ಉದ್ದ, 12 ಮೀ. ಅಗಲದ ಹೊಂಡಕ್ಕೆ ಸುಮಾರು 140 ಮರಿಗಳು. ತಂಪು ಹೊತ್ತಿನಲ್ಲಿ ಮರಿಗಳ ಚೀಲವನ್ನು 15 ರಿಂದ 20 ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಮರಿಗಳು ತಾವಾಗಿಯೇ ಈಜಿ ಹೊರಹೋಗುವಂತೆ ಬಿಡುವುದು.

ಅರ್ಜಿದಾರರ ಗಮನಕ್ಕೆ

ಹೊಂಡದ ಅಳತೆ, ನೀರಿನ ಆಳ ಹಾಗೂ ಹಿಂದೆ ಮೀನು ಸತ್ತ ವಿವರಗಳನ್ನು ಅರ್ಜಿಯೊಂದಿಗೆ ತಿಳಿಸಿದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ. ಕೆಲವು ದಿನ ತಡವಾದರೂ ನೀರು ಸರಿಯಾದ ನಂತರವೇ ಮರಿ ಪಡೆಯುವುದು ರೈತರಿಗೆ ಹಿತಕರ. ಹೆಚ್ಚಿನ ಮಾಹಿತಿಗಾಗಿ ತಾಲ್ಲೂಕು ಮಟ್ಟದ ಮೀನುಗಾರಿಕೆ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.