ಕಾಣದ ಪೊರೆಯ ಬೆನ್ನು ಹತ್ತಿ

ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೊಗ್ರಾಫಿಯ’ ಪುಸ್ತಕದಲ್ಲಿ ಕಾರ್ಕ್ ಬೆಂಡಿನ ಚಿತ್ರವೊಂದಿದೆ. ಸೂಕ್ಷ್ಮದರ್ಶಕದಡಿ ಅವರಿಗೆ ಕಂಡದ್ದು ಒತ್ತೊತ್ತಾಗಿ ಕೂತ ಖಾಲಿ ಗೂಡುಗಳು. ಒಂದು ಘನ ಅಂಗುಲದಲ್ಲಿ ಇಂಥವು 120 ಕೋಟಿಗೂ ಹೆಚ್ಚು ಇರುತ್ತವೆ ಎಂದು ಅವರು ಲೆಕ್ಕ ಹಾಕಿದರು. ಆದರೆ ಕಾರ್ಕ್ ಎಂದರೆ ಸತ್ತ ತೊಗಟೆ. ಹುಕ್ ನೋಡಿದ್ದು ಜೀವ ಹೋದ ಮೇಲೆ ಉಳಿದ ಭಿತ್ತಿಯನ್ನು. ಜೀವಂತ ಕೋಶದ ನಿಜವಾದ ಎಲ್ಲೆಯಾದ ಪೊರೆ ಆ ಭಿತ್ತಿಯ ಒಳಮೈಗೆ ಅಂಟಿಕೊಂಡಿರುತ್ತದೆ. ಅದರ ದಪ್ಪ ಏಳೆಂಟು ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲು. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕವಾದರೋ 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಬೇರೆ ಮಾಡಿ ತೋರಿಸಲಾರದು. ಹಾಗಾಗಿ ಹುಕ್ ನಂತರದ ಸುಮಾರು ಮುನ್ನೂರು ವರ್ಷ ಪೊರೆಯನ್ನು ಯಾರೂ ಕಣ್ಣಾರೆ ಕಾಣಲಿಲ್ಲ. ಆದರೂ ಅದು ಯಾವುದರಿಂದ ಆಗಿದೆ, ಎಷ್ಟು ಪದರವಿದೆ ಎಂಬುದು ಅದನ್ನು ಕಾಣುವ ಮೊದಲೇ ಗೊತ್ತಾಗಿತ್ತು. ಜೀವವಿಜ್ಞಾನದ ಚರಿತ್ರೆಯಲ್ಲಿ ಬುದ್ಧಿಯ ಬಲದಿಂದ ಗೆದ್ದ ಅಧ್ಯಾಯಗಳಲ್ಲಿ ಇದು ಬಹುದೊಡ್ಡದು.

ಪಠ್ಯಪುಸ್ತಕಗಳು ಕೋಶದ ಕಥೆಯನ್ನು ಒಳಗಿನ ವಸ್ತುಗಳ ಕಥೆಯಾಗಿ ಹೇಳುತ್ತವೆ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿದರು. 1838-39ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಗಿಡವೂ ಪ್ರಾಣಿಯೂ ಕೋಶಗಳಿಂದಲೇ ಆದವು ಎಂದರು. ಕೋಶ ಹುಟ್ಟುವುದು ಇನ್ನೊಂದು ಕೋಶ ಇಬ್ಭಾಗವಾದಾಗ ಮಾತ್ರ ಎಂದು ರಾಬರ್ಟ್ ರೆಮಾಕ್ ತೋರಿಸಿದರು. ಅದಕ್ಕೆ ಸೂತ್ರದ ರೂಪ ಕೊಟ್ಟು ಹೆಸರು ಪಡೆದವರು ರುಡಾಲ್ಫ್ ವಿರ್ಕೋ. ಇವೆಲ್ಲ ನಿಜವಾಗಿಯೂ ದೊಡ್ಡ ಹೆಜ್ಜೆಗಳೇ. ಆದರೆ ಕೋಶದಲ್ಲಿ ಏನೇನಿದೆ ಎಂಬ ಪಟ್ಟಿ ಎಷ್ಟೇ ಉದ್ದವಾದರೂ ಕೋಶ ಏಕೆ ಬದುಕಿದೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಒಳಗಿನ ಸ್ಥಿತಿಯನ್ನು ಹೊರಗಿನದಕ್ಕಿಂತ ಬೇರೆಯಾಗಿ ಉಳಿಸಿಕೊಂಡಿರುವಷ್ಟು ಹೊತ್ತು ಮಾತ್ರ ಕೋಶ ಬದುಕಿರುತ್ತದೆ. ಆ ಕೆಲಸ ನಡೆಯುವುದು ಪೊರೆಯಲ್ಲಿ. ಆಹಾರದ ಸೇವನೆ, ಕಸದ ವಿಸರ್ಜನೆ, ಶಕ್ತಿಯ ಉತ್ಪಾದನೆ, ನರದ ಸಂದೇಶ, ಯಾವುದನ್ನು ಹಿಡಿದು ಹೊರಟರೂ ದಾರಿ ಪೊರೆಗೇ ಬಂದು ಮುಟ್ಟುತ್ತದೆ.

1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿದ್ದ ಅರ್ನೆಸ್ಟ್ ಓವರ್ಟನ್ ಸುಮಾರು 500 ರಾಸಾಯನಿಕಗಳನ್ನು ಒಂದೊಂದಾಗಿ ಜೀವಂತ ಕೋಶಗಳ ಮೇಲೆ ಪ್ರಯೋಗಿಸಿ, ಯಾವುದು ಬೇಗ ಒಳಹೊಗುತ್ತದೆ, ಯಾವುದು ನಿಧಾನ ಎಂದು ಪರೀಕ್ಷಿಸಿದರು. ಎಣ್ಣೆಯಲ್ಲಿ ಕರಗುವ ವಸ್ತುಗಳು ಸಲೀಸಾಗಿ ಒಳಗೆ ಹೋದವು. ನೀರಿನಲ್ಲಷ್ಟೇ ಕರಗುವ ಸಕ್ಕರೆ, ಉಪ್ಪುಗಳು ಹೊರಗೇ ಉಳಿದವು. ಹಾಗಾದರೆ ಕೋಶದ ಎಲ್ಲೆ ಕೊಬ್ಬಿನಂಥ ವಸ್ತುವಿನಿಂದ, ಲಿಪಿಡ್‌ನಿಂದ ಆಗಿರಬೇಕು ಎಂದು ಅವರು ಊಹಿಸಿದರು. ಸರಿಯಾದ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿದರೆ ಕಾಣದ ವಸ್ತುವೂ ಉತ್ತರ ಕೊಡುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅದೇ ಕಾಲಕ್ಕೆ, ಕೋಶಕ್ಕೂ ತನಗೂ ಸಂಬಂಧವೇ ಇಲ್ಲದಂತೆ, ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಅಡುಗೆಮನೆಯೊಂದರಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಆಗ್ನೆಸ್ ಪೊಕೆಲ್ಸ್‌ಗೆ ಭೌತವಿಜ್ಞಾನದಲ್ಲಿ ಅಪಾರ ಆಸಕ್ತಿ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ತಂದೆತಾಯಿಯ ಆರೈಕೆ ಮಾಡುತ್ತಾ ಮನೆಯಲ್ಲಿದ್ದ ಆಕೆ ತವರದ ತಟ್ಟೆಯಲ್ಲಿ ನೀರು ತುಂಬಿ, ಮೇಲೆ ತೇಲುವ ಎಣ್ಣೆಯ ಪದರವನ್ನು ತಗಡಿನ ಪಟ್ಟಿಯಿಂದ ದೂಡಿ ದೂಡಿ ಕಿರಿದು ಮಾಡುತ್ತಾ, ನೀರಿನ ಮೇಲ್ಮೈಯ ಬಿಗಿತವನ್ನು ಅಳೆದರು. 1891ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲಿಗೆ ಪತ್ರ ಬರೆದರು. ರ್‍ಯಾಲಿ ಅದನ್ನು ‘ನೇಚರ್’ ಪತ್ರಿಕೆಗೆ ಕಳಿಸಿ ಪ್ರಕಟ ಮಾಡಿಸಿದರು. ಆ ತಟ್ಟೆಯನ್ನೇ ಮುಂದೆ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಸುಧಾರಿಸಿದರು. ಎಣ್ಣೆಯ ಪದರ ಒಂದೇ ಒಂದು ಅಣುವಿನ ದಪ್ಪಕ್ಕೆ ಹರಡಿದಾಗ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಅಳೆಯುವ ಉಪಕರಣ ಹೀಗೆ ಸಿದ್ಧವಾಯಿತು.

1925ರಲ್ಲಿ ಆ ಉಪಕರಣ ಕೋಶದ ಪ್ರಶ್ನೆಗೆ ಒದಗಿ ಬಂತು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಮಕ್ಕಳ ವೈದ್ಯ ಎವರ್ಟ್ ಗೋರ್ಟರ್ ಮತ್ತು ಅವರ ಸಹಾಯಕ ಗ್ರೆಂಡೆಲ್ ಮನುಷ್ಯ, ನಾಯಿ, ಕುರಿ, ಮೊಲ ಮೊದಲಾದವುಗಳ ಕೆಂಪು ರಕ್ತಕಣಗಳನ್ನು ತೆಗೆದುಕೊಂಡರು. ಆಯ್ಕೆ ಬಹಳ ಜಾಣತನದ್ದು: ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಒಳಪೊರೆಗಳಿಲ್ಲ. ಅದರಲ್ಲಿರುವ ಲಿಪಿಡ್ ಎಲ್ಲ ಹೊರಪೊರೆಯದೇ. ಅದನ್ನು ಅಸಿಟೋನ್‌ನಲ್ಲಿ ಕರಗಿಸಿ ತೆಗೆದು ನೀರಿನ ಮೇಲೆ ಹರಡಿದರು. ಅದು ಹರಡಿಕೊಂಡ ಜಾಗ ರಕ್ತಕಣಗಳ ಒಟ್ಟು ಮೈವಿಸ್ತಾರದ ಎರಡರಷ್ಟಿತ್ತು. ಅಂದಮೇಲೆ ಪೊರೆಯಲ್ಲಿ ಲಿಪಿಡ್ ಅಣುಗಳು ಎರಡು ಸಾಲಾಗಿ ನಿಂತಿವೆ. ನೀರನ್ನು ಒಲ್ಲದ ಬಾಲಗಳು ಒಳಮುಖವಾಗಿ ಒಂದನ್ನೊಂದು ತಾಗಿವೆ. ನೀರನ್ನು ಬಯಸುವ ತಲೆಗಳು ಕೋಶದ ಒಳಗಿನ ಮತ್ತು ಹೊರಗಿನ ನೀರಿಗೆ ಮುಖ ಮಾಡಿವೆ. ಆ ಪ್ರಯೋಗದಲ್ಲಿ ಎರಡು ತಪ್ಪುಗಳಿದ್ದವು: ಅಸಿಟೋನ್ ಎಲ್ಲ ಲಿಪಿಡನ್ನೂ ಎಳೆದು ತೆಗೆದಿರಲಿಲ್ಲ, ರಕ್ತಕಣಗಳ ಮೈವಿಸ್ತಾರವನ್ನೂ ಕಡಿಮೆ ಅಳೆಯಲಾಗಿತ್ತು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಮಾತ್ರ ಸರಿಯಾಗಿಯೇ ಬಂತು. ಜೋಡಿಪದರದ ಆ ಚಿತ್ರ ಇಂದಿಗೂ ಅಲುಗಿಲ್ಲ.

1935ರಲ್ಲಿ ಡೇನಿಯೆಲ್ಲಿ ಮತ್ತು ಡ್ಯಾವ್ಸನ್ ಇದಕ್ಕೆ ಪ್ರೋಟೀನ್ ಸೇರಿಸಿದರು. ಹೋಳಿಗೆಯಲ್ಲಿ ಹೂರಣದ ಎರಡೂ ಕಡೆ ಕಣಕ ಇರುವಂತೆ ಲಿಪಿಡ್ ಪದರದ ಎರಡೂ ಮೈಗೆ ಪ್ರೋಟೀನ್ ಹಾಸಿದೆ ಎಂಬುದು ಅವರ ಕಲ್ಪನೆ. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊನೆಗೂ ಪೊರೆಯನ್ನು ಎರಡು ಕಪ್ಪು ಗೆರೆಗಳ ರೂಪದಲ್ಲಿ ತೋರಿಸಿದಾಗ ಇದೇ ಸರಿ ಎಂದು ಹಲವರು ನಂಬಿದರು. ಅದು ಸರಿಯಲ್ಲವೆಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಕೋಶದ ಒಳಗೂ ಎಲ್ಲೆಲ್ಲೂ ಪೊರೆಯೇ. ಪ್ರೋಟೀನ್ ತಯಾರಾಗಿ ಸಾಗುವ ಅಂತರ್ದ್ರವ್ಯ ಜಾಲ, ಅವನ್ನು ವಿಂಗಡಿಸಿ ಕಳಿಸುವ ಗಾಲ್ಗಿ ಸಂಕೀರ್ಣ, ಎರಡೆರಡು ಪೊರೆಯ ಮೈಟೊಕಾಂಡ್ರಿಯ, ಎಲೆಗಳಲ್ಲಿ ಕ್ಲೋರೊಪ್ಲಾಸ್ಟ್. ಯಕೃತ್ತಿನ ಕೋಶವೊಂದರ ಒಟ್ಟು ಪೊರೆಯಲ್ಲಿ ಹೊರಪೊರೆಯ ಪಾಲು ಶೇ. 2ರಷ್ಟು ಮಾತ್ರ, ಉಳಿದದ್ದೆಲ್ಲ ಒಳಗಿನದು. 1898ರಲ್ಲಿ ಕಮಿಲ್ಲೊ ಗಾಲ್ಗಿ ಗೂಬೆಯ ನರಕೋಶದಲ್ಲಿ ಕಂಡ ಜಾಲವನ್ನು ಬಣ್ಣ ಹಾಕುವಾಗ ಆದ ಕಲೆ ಎಂದು ತಳ್ಳಿಹಾಕುತ್ತಿದ್ದವರು ಈಗ ಸುಮ್ಮನಾಗಬೇಕಾಯಿತು.

ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ಅವರಿಗೆ ಲೈಸೋಸೋಮ್ ಸಿಕ್ಕಿದ್ದು ಹುಡುಕಿ ಅಲ್ಲ. ಇಲಿಯ ಯಕೃತ್ತಿನಲ್ಲಿ ಒಂದು ಕಿಣ್ವವನ್ನು ಅಳೆದಾಗ ನಿರೀಕ್ಷೆಯ ಹತ್ತನೇ ಒಂದು ಭಾಗವಷ್ಟೇ ಕಂಡಿತು. ಮಾದರಿಯನ್ನು ಐದು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಪೂರ್ತಿ ಸಿಕ್ಕಿತು. ಕಿಣ್ವ ಪೊರೆಯ ಚೀಲದೊಳಗೆ ಬಂದಿಯಾಗಿತ್ತು. ದಿನ ಕಳೆದಂತೆ ಚೀಲ ಒಡೆದು ಅದು ಹೊರಬಂದಿತ್ತು. ಕೋಶವನ್ನೇ ಅರಗಿಸಬಲ್ಲ ಕಿಣ್ವಗಳು ಕೋಶದೊಳಗೇ ಇದ್ದೂ ಅದನ್ನು ನಾಶ ಮಾಡದಿರುವುದು ಆ ಪೊರೆಯಿಂದ. 1955ರಲ್ಲಿ ಅದಕ್ಕೆ ಲೈಸೋಸೋಮ್ ಎಂಬ ಹೆಸರಾಯಿತು. 1974ರ ನೊಬೆಲ್ ಪ್ರಶಸ್ತಿಯನ್ನು ಡಿ ಡೂವ್, ಆಲ್ಬರ್ಟ್ ಕ್ಲಾಡ್, ಜಾರ್ಜ್ ಪಲಾಡೆ ಹಂಚಿಕೊಂಡರು.

ಪೊರೆ ಬರೀ ತಡೆಯಾಗಿದ್ದರೆ ಕೋಶ ಹಸಿದು ಸಾಯುತ್ತಿತ್ತು. 1957ರಲ್ಲಿ ಡೆನ್ಮಾರ್ಕ್‌ನ ಯೆನ್ಸ್ ಸ್ಕೋ ಏಡಿಯ ನರಗಳಲ್ಲಿ ಒಂದು ಪ್ರೋಟೀನನ್ನು ಪತ್ತೆಹಚ್ಚಿದರು. ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಅಣುವೊಂದನ್ನು ಖರ್ಚು ಮಾಡಿ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರದೂಡುತ್ತದೆ, ಎರಡು ಪೊಟ್ಯಾಷಿಯಂ ಅಯಾನುಗಳನ್ನು ಒಳಸೆಳೆಯುತ್ತದೆ. ಕೋಶದ ಹೊರಗಿನ ಸೋಡಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚಿರುವುದು ಈ ಪಂಪಿನ ದುಡಿಮೆಯಿಂದ. ನಾವು ಮಲಗಿರುವಾಗಲೂ ದೇಹದ ಶಕ್ತಿಯ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ.

ಆ ಎಟಿಪಿಯಾದರೂ ಬರುವುದೆಲ್ಲಿಂದ? ಎಟಿಪಿ 1929ರಲ್ಲೇ ಪತ್ತೆಯಾಗಿತ್ತು. ಪತ್ತೆ ಮಾಡಿದವರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಅದು ತಯಾರಾಗುವ ಬಗೆಯನ್ನು 1961ರಲ್ಲಿ ಪೀಟರ್ ಮಿಚೆಲ್ ಸೂಚಿಸಿದಾಗ ಬಹುತೇಕ ಜೀವರಸಾಯನ ತಜ್ಞರು ಒಪ್ಪಲಿಲ್ಲ. ಮೈಟೊಕಾಂಡ್ರಿಯದ ಒಳಪೊರೆಯ ಒಂದು ಬದಿಗೆ ಪ್ರೋಟಾನುಗಳನ್ನು ಒತ್ತರಿಸಿ, ಅವು ಮರಳಿ ಹರಿಯುವ ಬಲದಿಂದ ಎಟಿಪಿ ತಯಾರಾಗುತ್ತದೆ ಎಂಬುದು ಅವರ ವಾದ. 1966ರಲ್ಲಿ ಆಂಡ್ರೆ ಜಾಗೆಂಡಾರ್ಫ್ ಪಾಲಕ್ ಸೊಪ್ಪಿನ ಕ್ಲೋರೊಪ್ಲಾಸ್ಟುಗಳನ್ನು ಮೊದಲು ಆಮ್ಲದಲ್ಲಿ ನೆನೆಸಿ ಆಮೇಲೆ ಕ್ಷಾರ ದ್ರಾವಣಕ್ಕೆ ಹಾಕಿದರು. ಪೂರ್ತಿ ಕತ್ತಲಲ್ಲಿ, ಒಂದು ಕಿರಣ ಬೆಳಕೂ ಇಲ್ಲದೆ, ಎಟಿಪಿ ಹುಟ್ಟಿತು. ಪೊರೆಯ ಎರಡು ಬದಿಯ ವ್ಯತ್ಯಾಸವಷ್ಟೇ ಸಾಕಾಗಿತ್ತು. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು. ಪೊರೆ ಹರಿದರೆ ಪ್ರೋಟಾನುಗಳು ಎರಡೂ ಕಡೆ ಸಮವಾಗುತ್ತವೆ, ಎಟಿಪಿ ನಿಲ್ಲುತ್ತದೆ.

ನೀರಿನ ಪ್ರಶ್ನೆ ಇನ್ನೂ ತಡವಾಗಿ ಬಗೆಹರಿಯಿತು. ಲಿಪಿಡ್ ಪದರದ ಮೂಲಕ ನೀರು ಇಷ್ಟು ವೇಗವಾಗಿ ಹೇಗೆ ಹೋಗುತ್ತದೆ? ಅಮೆರಿಕದ ಪೀಟರ್ ಆಗ್ರೆ ರಕ್ತಗುಂಪಿನ ಪ್ರೋಟೀನ್ ಹುಡುಕುವಾಗ ಬೇರೊಂದು ಪ್ರೋಟೀನ್ ಸಿಕ್ಕಿತ್ತು. 1992ರಲ್ಲಿ ಅದನ್ನು ಕಪ್ಪೆಯ ಮೊಟ್ಟೆಗಳಲ್ಲಿ ತಯಾರಾಗುವಂತೆ ಮಾಡಿ ಅವನ್ನು ತಿಳಿನೀರಿಗೆ ಹಾಕಿದರು. ಸಾಮಾನ್ಯ ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಈ ಪ್ರೋಟೀನ್ ಇದ್ದವು ಮಾತ್ರ ಉಬ್ಬಿ ಒಡೆದವು. ಅಕ್ವಪೋರಿನ್ ಎಂಬ ಆ ನೀರ್ಗಾಲುವೆ 2003ರಲ್ಲಿ ನೊಬೆಲ್ ತಂದಿತು.

ಪೊರೆಯ ವಿಜ್ಞಾನ ಜನರ ಜೀವ ಉಳಿಸಿದ ಅತಿ ದೊಡ್ಡ ಸಂದರ್ಭ ನಮ್ಮ ನೆಲದ್ದೇ. 1959ರಲ್ಲಿ ಕಲ್ಕತ್ತೆಯ ಶಂಭುನಾಥ್ ಡೇ, ಕಾಲರಾದಲ್ಲಿ ಕೊಲ್ಲುವುದು ಬ್ಯಾಕ್ಟೀರಿಯ ಹೊರಬಿಡುವ ವಿಷ ಎಂದು ಮೊಲದ ಕರುಳಿನಲ್ಲಿ ತೋರಿಸಿದರು. ಆ ವಿಷ ಕರುಳಿನ ಕೋಶಗಳ ಪೊರೆಯಲ್ಲಿರುವ ಕ್ಲೋರೈಡ್ ಕಾಲುವೆಗಳನ್ನು ತೆರೆದೇ ಇರುವಂತೆ ಮಾಡುತ್ತದೆ. ಉಪ್ಪಿನ ಹಿಂದೆ ನೀರೂ ಹೊರಟುಹೋಗುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಇನ್ನೊಂದು ಸಂಗತಿ ಹೇಳಿದರು: ಕರುಳಿನ ಪೊರೆಯಲ್ಲಿ ಗ್ಲುಕೋಸ್ ಒಳಗೆ ಹೋಗುವುದು ಸೋಡಿಯಂ ಜೊತೆಗೂಡಿಯೇ. ಕಾಲರಾ ವಿಷ ಈ ದಾರಿಯನ್ನು ಕೆಡಿಸುವುದಿಲ್ಲ. ಅಂದರೆ ಸಕ್ಕರೆ, ಉಪ್ಪು ಸರಿಯಾದ ಪ್ರಮಾಣದಲ್ಲಿ ಕೂಡಿದ ನೀರು ಕುಡಿಸಿದರೆ ದೇಹ ಅದನ್ನು ಹೀರಿಕೊಳ್ಳಲೇಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥ ನೀರನ್ನೇ ಕುಡಿಸುವ ನಿರ್ಧಾರ ತೆಗೆದುಕೊಂಡರು. ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ರೋಗಿಗಳ ಮನೆಯವರೇ ಅದನ್ನು ಕುಡಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಓಆರ್‌ಎಸ್ ಪೊಟ್ಟಣ ಕೋಶಪೊರೆಯ ಒಂದು ಪ್ರೋಟೀನಿನ ಗುಣವನ್ನು ನಂಬಿ ನಿಂತಿದೆ. ಕಾಲರಾದ ವಿಷವನ್ನು ಕಂಡುಹಿಡಿದ ಡೇ ಅವರಿಗೆ ಬದುಕಿದ್ದಾಗ ದೇಶದಲ್ಲಿ ಸಿಗಬೇಕಾದ ಮನ್ನಣೆ ಸಿಗಲಿಲ್ಲ ಎಂಬುದು ನೋವಿನ ಸಂಗತಿ.

ಈ ಪಂಪು, ಕಾಲುವೆಗಳೆಲ್ಲ ಪೊರೆಯ ಆಚೀಚೆ ಚಾಚಿಕೊಂಡಿರಬೇಕಾದರೆ ಡೇನಿಯೆಲ್ಲಿಯವರ ಹೋಳಿಗೆಯಂಥ ಚಿತ್ರ ನಿಲ್ಲುವುದಿಲ್ಲ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದು, ಒಂದರ ಪೊರೆಯ ಪ್ರೋಟೀನುಗಳಿಗೆ ಹಸಿರು, ಇನ್ನೊಂದರವಕ್ಕೆ ಕೆಂಪು ಬಣ್ಣ ಕೊಟ್ಟರು. ಮೊದಲಿಗೆ ಅರ್ಧ ಹಸಿರು, ಅರ್ಧ ಕೆಂಪು. ನಲವತ್ತು ನಿಮಿಷದಲ್ಲಿ ಎರಡೂ ಬೆರೆತುಹೋದವು. ಪೊರೆ ಹರಿಯುವ ವಸ್ತು, ಪ್ರೋಟೀನುಗಳು ಅದರಲ್ಲಿ ಸರಿದಾಡುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಮಂಡಿಸಿದ ‘ಫ್ಲೂಯಿಡ್ ಮೊಸಾಯಿಕ್’ ಮಾದರಿ ಇದನ್ನೇ ಹೇಳಿತು. ನಮ್ಮ ಪಿಯುಸಿ ವಿದ್ಯಾರ್ಥಿಗಳು ಇಂದಿಗೂ ಬರೆಯುವ ಚಿತ್ರ ಅದೇ.

ವಿಜ್ಞಾನ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಹೆಜ್ಜೆಗಳಲ್ಲಿ ಒಂದು ಮುಖ್ಯವಾದದ್ದು ಬೆಂಗಳೂರಿನದು. ಪೊರೆಯಲ್ಲಿ ಅಣುಗಳು ತಮ್ಮಷ್ಟಕ್ಕೆ ತಾವು ಸುಳಿದಾಡುತ್ತವೆಯೇ, ಅಥವಾ ಅಲ್ಲಲ್ಲಿ ಗುಂಪುಗೂಡುತ್ತವೆಯೇ ಎಂಬ ವಾದ 1990ರ ದಶಕದಲ್ಲಿ ಜೋರಾಗಿತ್ತು. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮ ಧ್ರುವೀಕೃತ ಬೆಳಕನ್ನು ಬಳಸಿ, ಸೂಕ್ಷ್ಮದರ್ಶಕಕ್ಕೆ ನೇರವಾಗಿ ನಿಲುಕದಷ್ಟು ಹತ್ತಿರ ಬಂದ ಪ್ರೋಟೀನುಗಳನ್ನು ಪತ್ತೆ ಮಾಡಿದರು. 1998ರಲ್ಲಿ ‘ನೇಚರ್’ ಅದನ್ನು ಪ್ರಕಟಿಸಿತು. ಮುಂದೆ ಭೌತವಿಜ್ಞಾನಿ ಮದನ್ ರಾವ್ ಅವರೊಡನೆ ಸೇರಿ ಮೇಯರ್ ಇನ್ನೂ ಆಳಕ್ಕೆ ಹೋದರು. ಗುಂಪುಗಳಲ್ಲಿರುವುದು ಬೆರಳೆಣಿಕೆಯ ಅಣುಗಳು ಮಾತ್ರ, ಅವು ತಾವಾಗಿ ಸೇರುವುದಿಲ್ಲ, ಪೊರೆಯ ಅಡಿಯಲ್ಲಿ ಶಕ್ತಿ ಖರ್ಚು ಮಾಡುತ್ತಾ ಚಲಿಸುವ ಆಕ್ಟಿನ್ ಎಂಬ ಪ್ರೋಟೀನಿನ ತಂತುಗಳು ಅವನ್ನು ಸೇರಿಸುತ್ತವೆ, ಬಿಡಿಸುತ್ತವೆ. ಅಂದರೆ ಪೊರೆಯ ವಿನ್ಯಾಸವನ್ನು ಕೋಶವೇ ಕ್ಷಣಕ್ಷಣಕ್ಕೂ ದುಡಿದು ರೂಪಿಸುತ್ತದೆ.

ಪಿಯು ಕಾಲೇಜುಗಳ ಜೀವವಿಜ್ಞಾನ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಕೋಶಪೊರೆಯ ಪಾಠ ಮಾಡುವಾಗ 1972ರ ಚಿತ್ರಕ್ಕೆ ನಿಲ್ಲಿಸಬೇಡಿ. ಅದರ ಮುಂದಿನ ಭಾಗವನ್ನು ಬರೆದದ್ದು ಬೆಂಗಳೂರಿನ ಬಳ್ಳಾರಿ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ಎಂದು ಮಕ್ಕಳಿಗೆ ಹೇಳಿ, ಓಆರ್‌ಎಸ್ ಪೊಟ್ಟಣವೊಂದನ್ನು ತರಗತಿಗೆ ತಂದು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ. ಉತ್ತರ ಹುಡುಕುವ ಹುಡುಗಿಯೋ ಹುಡುಗನೋ ಆ ಪಾಠವನ್ನು ಮರೆಯುವುದಿಲ್ಲ.